ಅಗಲ ಸೊಂಟದ ಅಚ್ಚು

ಎರಡರಲ್ಲಿ ಯಾವುದು ಎಂದು ಇವತ್ತು ಸಂಜೆ ನಾಲ್ಕರೊಳಗೆ ಹೇಳಬೇಕಿತ್ತು. ಲೋರ್ನಾ ವಿಂಟ್‌ಫೋಗೆಲ್ ಅಂಥ ಮಾತಿಗೆ ಹಿಂದೆಮುಂದೆ ನೋಡುವ ಹೆಂಗಸಲ್ಲ. ಐವನ್‌ನನ್ನು ಮದುವೆಯಾಗುತ್ತೇನೆ ಎಂದು ಒಪ್ಪಿದ್ದು ಕೊರ್ಸ್ಟನ್ನಿನ ಬಸ್ ನಿಲ್ದಾಣದಲ್ಲಿ, ದೂರದಲ್ಲಿ ಬಸ್ಸು ಕಂಡ ಮೇಲೆ, ಅದು ಬಂದು ನಿಲ್ಲುವುದರೊಳಗೆ. ಐವತ್ತನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಲು ಹೊರಟಾಗ ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ. ಆದರೆ ಈ ಮಂಗಳವಾರ ಬೆಳಿಗ್ಗೆ ಅಡಿಗೆಮನೆಯ ಮೇಜಿನ ಮೇಲೆ ಎರಡು ಫೋಟೊಗಳನ್ನು ಪಕ್ಕಪಕ್ಕದಲ್ಲಿಟ್ಟು, ಕಾಫಿ ಆರಿ ತಣ್ಣಗಾದದ್ದು ತಿಳಿಯದೆ ಕೂತಿದ್ದಳು. ಎರಡೂ ಒಂದೇ ಸ್ಪೋರ್ಟ್ಸ್ ಕಾರು, ಒಂದೇ ಹೆಸರು, ಕೋಬ್ರಾ. ಒಂದು ಅರವತ್ತೆರಡನೆಯ ಇಸವಿಯದು: ತೆಳು ಮೈ, ತಂತಿ ಕಡ್ಡಿಗಳ ಕಿರಿದಾದ ಚಕ್ರ, ಚಿಕ್ಕ ಬಾಯಿ. ಇನ್ನೊಂದು ಮೂರು ವರ್ಷದ ನಂತರದ್ದು: ಹೊಟ್ಟೆಯೊಳಗೆ ದೊಡ್ಡ ಇಂಜಿನ್ ತುರುಕಿ, ಚಕ್ರಗಳನ್ನು ಅಗಲ ಮಾಡಿ, ಆ ಚಕ್ರಗಳನ್ನು ಮುಚ್ಚಲು ಹಿಂದಿನ ಸೊಂಟವನ್ನು ಉಬ್ಬಿಸಿದ್ದು. ಅಸಲಿ ಕಾರುಗಳನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಅವುಗಳ ಪ್ರತಿರೂಪಗಳನ್ನು ಮಾತ್ರ ಮೂವತ್ತೊಂದು ವರ್ಷ ತನ್ನ ಕೈಯಿಂದ ಮಾಡಿ, ಟ್ರೈಲರಿನ ಮೇಲೆ ಬಂದರಿಗೆ ಹೋಗುವುದನ್ನು ನೋಡಿದ್ದಳು. ಒಂದರಲ್ಲೂ ಕೂತು ಗೇಟಿನವರೆಗೂ ಹೋಗಿರಲಿಲ್ಲ.

ವರ್ಕ್‌ಶಾಪ್ ಮುಚ್ಚುತ್ತಿತ್ತು. ಫೈಬರ್‌ಗ್ಲಾಸ್ ಬಾಡಿಗಳನ್ನು ತೆಗೆಯುವ ಅಚ್ಚುಗಳನ್ನು ಹೊರದೇಶದ ಯಾರೋ ಕೊಂಡಿದ್ದರು. ಮೂವತ್ತೊಂದು ವರ್ಷ ದುಡಿದದ್ದಕ್ಕೆ ಗಡಿಯಾರ ಬೇಡ, ಒಂದು ಬಾಡಿ ಕೊಡಿ, ನನ್ನ ಕಾರನ್ನು ನಾನೇ ಕಟ್ಟಿಕೊಳ್ಳುತ್ತೇನೆ ಎಂದು ಲೋರ್ನಾ ಕೇಳಿದಾಗ ಮಾಲೀಕ ಡೀಟರ್ ರಾಡೆಮನ್ ನಕ್ಕಿದ್ದ. ಆಮೇಲೆ ಅವಳು ನಗುತ್ತಿಲ್ಲ ಎಂದು ಕಂಡು ಒಪ್ಪಿದ್ದ. ನಿನಗೆ ಬೇಕಾದ ಅಚ್ಚು ಎರಡು ವಾರ ಇರುತ್ತದೆ, ಇನ್ನೊಂದನ್ನು ಮಂಗಳವಾರ ಸಂಜೆಯೇ ಪೆಟ್ಟಿಗೆಗೆ ಹಾಕಿ ಮೊಳೆ ಹೊಡೆಸುತ್ತೇನೆ ಎಂದಿದ್ದ. ಬಂದರಿನಲ್ಲಿ ವೆಲ್ಡರ್ ಆಗಿದ್ದು ನಿವೃತ್ತನಾದ ಐವನ್, ಹಿತ್ತಿಲಲ್ಲಿ ಟಾರ್ಪಾಲಿನ ಕೆಳಗೆ ಚಾಸಿಯನ್ನು ಆಗಲೇ ಬೆಸೆದಿಟ್ಟಿದ್ದ. ಎರಡರಲ್ಲಿ ಯಾವ ಮೈ ಬಂದರೂ ಅದರ ಮೇಲೆ ಕೂರುವಂತಿತ್ತು, ಆಕ್ಸಲ್ ಮಾತ್ರ ಬೇರೆ ಹಾಕಬೇಕು. ಅವನ ಮಟ್ಟಿಗೆ ಇದರಲ್ಲಿ ಯೋಚಿಸುವುದೇನೂ ಇರಲಿಲ್ಲ. ಅಗಲದ್ದನ್ನೇ ತಗೋ, ಭಾನುವಾರ ಚರ್ಚಿನ ಮುಂದೆ ನಿಲ್ಲಿಸಿದರೆ ಪಾದ್ರಿ ತಾನು ಹೇಳುತ್ತಿದ್ದದ್ದನ್ನೇ ಮರೆಯಬೇಕು ಎಂದ. ಪಕ್ಕದ ಮನೆಯವರೂ ಅದನ್ನೇ ಹೇಳಿದ್ದರು. ಜಗತ್ತಿನಲ್ಲಿ ಪ್ರತಿರೂಪ ಕಟ್ಟುವ ನೂರು ಮಂದಿಯಲ್ಲಿ ತೊಂಬತ್ತು ಮಂದಿ ಅಗಲದ್ದನ್ನೇ ಕಟ್ಟುತ್ತಾರೆ. ಲೋರ್ನಾಳಿಗೆ ಇಷ್ಟವಾದದ್ದು ತೆಳ್ಳನೆಯದು. ಅದು ಮೊದಲಿನಿಂದಲೂ ಗೊತ್ತಿದ್ದದ್ದೇ. ಆದರೆ ತಾನು ಅದನ್ನು ಇಷ್ಟಕ್ಕೆ ಆರಿಸುತ್ತಿದ್ದೇನೋ, ಅಗಲದ್ದನ್ನು ಕಂಡರೆ ಹೆದರಿಕೆ ಎಂದು ಆರಿಸುತ್ತಿದ್ದೇನೋ ಎಂಬುದು ಗೊತ್ತಿರಲಿಲ್ಲ. ಹೆದರಿ ಏನನ್ನಾದರೂ ಆರಿಸಿಕೊಂಡದ್ದು ಅವಳ ನೆನಪಿನಲ್ಲಿ ಒಂದೇ ಒಂದು ಸಲ.

ಮನೆಯಿದ್ದ ಗೆಲ್ವಂಡೇಲಿನಿಂದ ವರ್ಕ್‌ಶಾಪ್ ಇದ್ದ ಡೀಲ್ ಪಾರ್ಟಿ ಎಂಬ ಕೈಗಾರಿಕಾ ಬಡಾವಣೆಗೆ ಐವನ್‌ನ ಹಳೆಯ ಕಾರಿನಲ್ಲಿ ಕಾಲು ಗಂಟೆ. ವರ್ಕ್‌ಶಾಪಿನಲ್ಲಿ ಇಬ್ಬರೇ ಕೆಲಸಗಾರರು ಉಳಿದಿದ್ದರು. ಹಲಗೆ ಕೊಯ್ದು ಪೆಟ್ಟಿಗೆ ಮಾಡುತ್ತಿದ್ದರು. ಎರಡು ಅಚ್ಚುಗಳು ಮಗುಚಿಟ್ಟ ದೋಣಿಗಳನ್ನು ಯಾರೋ ಮತ್ತೆ ಮೇಲ್ಮುಖ ಮಾಡಿದಂತೆ ಅಕ್ಕಪಕ್ಕ ಬಿದ್ದಿದ್ದವು. ಅಚ್ಚಿನಲ್ಲಿ ಕಾರು ಇರುವುದಿಲ್ಲ, ಕಾರಿನ ಜಾಗ ಇರುತ್ತದೆ; ಹೊರಗೆ ಉಬ್ಬಾಗಿರುವುದೆಲ್ಲ ಇಲ್ಲಿ ತಗ್ಗು. ಲೋರ್ನಾ ಅಗಲದ್ದರ ಹತ್ತಿರ ಹೋದಳು. ಕೈ ತಾನಾಗಿಯೇ ಹಿಂದಿನ ಎಡ ಸೊಂಟಕ್ಕೆ ಹೋಯಿತು. ಅಲ್ಲಿ ಅಂಗೈಯಷ್ಟು ಜಾಗದಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು ತಗ್ಗಿದೆ. ಆದ್ದರಿಂದ ಈ ಅಚ್ಚಿನಿಂದ ಹುಟ್ಟಿದ ಪ್ರತಿ ಕಾರಿನ ಎಡ ಸೊಂಟ ಬಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉಬ್ಬು. ಅಸಲಿ ಕಾರಿನ ಅಳತೆಗಳನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದ ಗಿರಾಕಿಗಳು, ಕನ್ನಡಕ ಮೇಲೆತ್ತಿ ತಿರುಪುಗಳ ತಲೆ ಎಣಿಸುತ್ತಿದ್ದವರು, ಒಬ್ಬರೂ ಕಂಡುಹಿಡಿದಿರಲಿಲ್ಲ. ಕಡಲ ದಂಡೆಯ ಕಾರು ಪ್ರದರ್ಶನದಲ್ಲಿ ಒಮ್ಮೆ, ಲೋರ್ನಾ ಆ ಸೊಂಟದ ಮೇಲೆಯೇ ಕೈಯಿಟ್ಟು ನಿಂತಿದ್ದಾಗ, ಫೋಟೊ ತೆಗೆಯಲು ಬಂದ ಹೆಂಗಸೊಬ್ಬಳು ಬಹಳ ಸೌಜನ್ಯದಿಂದ, ಸ್ವಲ್ಪ ಪಕ್ಕಕ್ಕೆ ಹೋಗುತ್ತೀಯಾ, ಕಾರು ಪೂರ್ತಿ ಬರಲಿ ಎಂದಿದ್ದಳು. ಲೋರ್ನಾ ಪಕ್ಕಕ್ಕೆ ಹೋಗಿದ್ದಳು. ಕೈಯೊಳಗಿನ ಒರೆಸುವ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದ್ದಳು. ಆ ಹೊತ್ತು ಅವಳಿಗೆ ಹೊಳೆದದ್ದು ಅವಮಾನವಲ್ಲ. ಆ ಫೋಟೊದಲ್ಲಿ ನನ್ನ ತಪ್ಪು ಬರುತ್ತದೆ, ನಾನು ಬರುವುದಿಲ್ಲ ಎಂಬುದು.

ತೊಂಬತ್ತಾರನೆಯ ಇಸವಿ, ಊಟದ ಹೊತ್ತು. ಡೀಟರನ ಅಪ್ಪ, ಹಳೇ ರಾಡೆಮನ್ ಆಗ ಬದುಕಿದ್ದ. ಗಟ್ಟಿಯಾದ ಬಾಡಿಯನ್ನು ಅಚ್ಚಿನಿಂದ ಬಿಡಿಸಬೇಕಾದರೆ ಅಂಚಿನುದ್ದಕ್ಕೂ ಮರದ ಬೆಣೆಗಳನ್ನು ಸಿಕ್ಕಿಸಿ, ಕೊಡತಿಯಿಂದ ಮೆಲ್ಲಗೆ ತಟ್ಟುತ್ತ, ಸಂದಿಗೆ ನೀರು ಬಿಡುತ್ತ, ಅದಾಗಿಯೇ ಉಸಿರು ಬಿಟ್ಟು ಮೇಲೇಳುವ ತನಕ ಕಾಯಬೇಕು. ಲೋರ್ನಾಳಿಗೆ ಕಾಯುವ ಬುದ್ಧಿ ಇರಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ, ಅವರು ಬರುವಷ್ಟರಲ್ಲಿ ಒಬ್ಬಳೇ ಬಿಡಿಸಿ ತೋರಿಸುತ್ತೇನೆ ಎಂಬ ಜಂಬದಲ್ಲಿ ಬಿಗಿಯಾಗಿ ಒಂದೇಟು ಹಾಕಿದಳು. ಬಾಡಿ ಬಂತು. ಅಗಲದ ಅಚ್ಚಿನ ಎಡ ಸೊಂಟ ಬಿರಿಯಿತು. ಅವಳು ಬಿರುಕಿಗೆ ಪುಟ್ಟಿ ತುಂಬಿ, ಉಪ್ಪುಕಾಗದದಿಂದ ತಿಕ್ಕಿ, ಮೇಣ ಹಚ್ಚಿ ಹೊಳಪು ಕೊಟ್ಟಳು. ಮುಂದಿನ ವಾರ ಅದೇ ಅಚ್ಚಿನ ಎಡಗಡೆ ನಿಂತದ್ದು ಜೊತೆಯ ಕೆಲಸಗಾರ್ತಿ ತೊಬೆಕಾ. ಮೂವತ್ತಾರರ ವಯಸ್ಸು, ಲೋರ್ನಾಳಿಗಿಂತ ನಾಲ್ಕು ವರ್ಷ ದೊಡ್ಡವಳು. ಕೆಲಸದ ನಡುವೆ ಗುನುಗುತ್ತಿದ್ದಳು, ಟಿಫಿನ್ನಿನ ಅರ್ಧ ಬ್ರೆಡ್ಡನ್ನು ಕೇಳದೆಯೇ ಮುರಿದು ಕೊಡುತ್ತಿದ್ದಳು. ಅವಳು ಕೊಡತಿಯಲ್ಲಿ ತಟ್ಟಿದಾಗ ತೇಪೆ ಬಾಡಿಗೆ ಅಂಟಿಕೊಂಡು, ಅಂಗೈಯಗಲ ಅಚ್ಚನ್ನೇ ಕಿತ್ತುಕೊಂಡು ಬಂತು. ಹಳೇ ರಾಡೆಮನ್ ಕೂಗಾಡಲಿಲ್ಲ. ನಿನ್ನ ಚೀಲ ತಗೋ ಎಂದ, ಅಷ್ಟೇ. ಹತ್ತು ಮಂದಿ ನಿಂತಿದ್ದರು. ಯಾರು ಮಾಡಿದ್ದು ಎಂದು ಯಾರನ್ನೂ ಕೇಳಲಿಲ್ಲ; ಕಪ್ಪು ಜನರನ್ನು ದೂರವಿಟ್ಟ ಟೌನ್‌ಶಿಪ್ಪಿನ ಕಪ್ಪು ಹೆಂಗಸು ಕೊಡತಿ ಹಿಡಿದು ನಿಂತಿರುವಾಗ ಕೇಳುವುದೇನಿದೆ. ಮಿಶ್ರವರ್ಣದವರ ಬಡಾವಣೆಯಾದ ಗೆಲ್ವಂಡೇಲಿನ ಲೋರ್ನಾಳನ್ನು ಕೇಳುವುದು ಯಾರಿಗೂ ಹೊಳೆಯಲಿಲ್ಲ, ಮತ್ತು ಅದು ಹೊಳೆಯುವುದಿಲ್ಲ ಎಂದು ಲೋರ್ನಾಳಿಗೆ ಆ ಕ್ಷಣದಲ್ಲಿ ಖಚಿತವಾಗಿ ಗೊತ್ತಿತ್ತು. ಕಿತ್ತುಹೋದ ಜಾಗವನ್ನು ಸರಿಮಾಡುವ ಕೆಲಸ ಅವಳಿಗೇ ಬಂತು. ಕಣ್ಣಳತೆಯಲ್ಲಿ, ಅಂಗೈ ಅಳತೆಯಲ್ಲಿ ನಾಲ್ಕು ದಿನ ತಿಕ್ಕಿದಳು. ಹಳೇ ರಾಡೆಮನ್ ಬಂದು ಸವರಿ ನೋಡಿ, ಚಿನ್ನದಂಥ ಕೈ ಎಂದ. ಆ ವರ್ಷವೇ ಅವಳನ್ನು ಮುಖ್ಯ ಕೆಲಸಗಾರ್ತಿ ಮಾಡಿದ. ಅವಳ ಮನೆ, ಮಗಳ ಓದು, ಊರಿನಲ್ಲಿ ಅವಳ ಹೆಸರು, ಎಲ್ಲ ಆ ಅಂಗೈಯಗಲ ಜಾಗದಿಂದ ಶುರುವಾದದ್ದು.

"ಯಾವುದು ಅಂತ ಹೇಳಿಬಿಡು ಲೋರ್ನಾ," ಡೀಟರ್ ಆಫೀಸಿನ ಬಾಗಿಲಲ್ಲಿ ನಿಂತು ಕೇಳಿದ. ಅವನು ಚಡ್ಡಿ ಹಾಕುವ ವಯಸ್ಸಿನಿಂದಲೂ ಅವಳನ್ನು ಹೀಗೇ ಕರೆಯುತ್ತಿದ್ದ. ಅವಳು ಆಗಿನಿಂದಲೂ ಮಿಸ್ಟರ್ ಡೀಟರ್ ಎನ್ನುತ್ತಿದ್ದಳು.

"ನಾಲ್ಕು ಗಂಟೆ ಅಂದಿದ್ರಿ. ಇನ್ನೂ ಹತ್ತೂವರೆ."

ಅಷ್ಟು ಹೇಳಿ ಹೊರಗೆ ಬಂದಳು. ಕಾರಿನೊಳಗೆ ಕೂತ ಮೇಲೆ ಎಲ್ಲಿಗೆ ಹೋಗುವುದು ಎಂದು ಯೋಚಿಸಬೇಕಾಗಿ ಬರಲಿಲ್ಲ. ತೊಬೆಕಾ ಎಲ್ಲಿದ್ದಾಳೆಂದು ಅವಳಿಗೆ ಗೊತ್ತಿತ್ತು. ಎರಡು ಮೂರು ವರ್ಷಕ್ಕೊಮ್ಮೆ ಕೊರ್ಸ್ಟನ್ನಿನ ಬಟ್ಟೆ ಅಂಗಡಿಗಳ ಮುಂದೆ ಸಿಗುತ್ತಿದ್ದಳು. ಸಿಕ್ಕಾಗಲೆಲ್ಲ ಎರಡೂ ಕೈ ಹಿಡಿದುಕೊಂಡು, ಮಗಳು ಹೇಗಿದ್ದಾಳೆ, ಇನ್ನೂ ಆ ರೆಸಿನ್ ಅಂಟಿನ ವಾಸನೆ ಕುಡೀತಿದ್ದೀಯಾ ಎಂದು ವಿಚಾರಿಸುತ್ತಿದ್ದಳು. ನ್ಯೂ ಬ್ರೈಟನ್ನಿನಲ್ಲಿ ಇಂಥ ಶಾಲೆಯ ಹಿಂದೆ, ನೀಲಿ ಗೇಟು, ಬಾ ಒಂದು ದಿನ ಎನ್ನುತ್ತಿದ್ದಳು. ಪ್ರತಿ ಸಲವೂ ಲೋರ್ನಾ ಬಸ್ಸಿಗೆ ಹೊತ್ತಾಯಿತು ಎಂದು ಕೈ ಬಿಡಿಸಿಕೊಂಡಿದ್ದಳು. ಅವಳು ಬೈದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಕೂತು ಅಂದುಕೊಂಡದ್ದೂ ಇತ್ತು. ನೀಲಿ ಗೇಟು ಕಂಡಿತು. ಒಳಗೆ ಹೊಲಿಗೆ ಯಂತ್ರದ ಸದ್ದು.

ತೊಬೆಕಾ ಚರ್ಚಿನ ಹೆಂಗಸರ ಸಂಘದ ಕೆಂಪು ರವಿಕೆ ಹೊಲಿಯುತ್ತಿದ್ದಳು. ಗುರುವಾರದ ಪ್ರಾರ್ಥನೆಗೆ ಆರು ಕೊಡಬೇಕಂತೆ, ಬಿಳಿ ಕಾಲರುಗಳು ಮೇಜಿನ ಮೇಲೆ ಸಾಲಾಗಿದ್ದವು. ಲೋರ್ನಾಳನ್ನು ಕಂಡು ಎದ್ದು ತಬ್ಬಿಕೊಂಡಳು, ಕೂರಿಸಿದಳು, ಚಹಾ ಮಾಡಿದಳು, ಹಬೆಯಲ್ಲಿ ಬೇಯಿಸಿದ ಬ್ರೆಡ್ಡಿನ ದಪ್ಪ ತುಂಡಿಗೆ ಬೆಣ್ಣೆ ಸವರಿ ಮುಂದಿಟ್ಟಳು. ವರ್ಕ್‌ಶಾಪ್ ಮುಚ್ಚುತ್ತಿದೆ ಎಂದಾಗ ತುಟಿಯಿಂದ ಲೊಚ್ಚೆಂದಳು. ಲೋರ್ನಾ ತಾನೇ ಕಾರು ಕಟ್ಟುತ್ತಾಳೆಂದಾಗ ತೊಡೆ ತಟ್ಟಿಕೊಂಡು ನಕ್ಕು, ನಮ್ಮ ಗೇಟಿನ ಮುಂದೆ ಬಂದು ಹಾರ್ನ್ ಹೊಡಿ ಎಂದಳು. ಲೋರ್ನಾ ಬ್ರೆಡ್ಡನ್ನು ಮುಟ್ಟಲಿಲ್ಲ. ತಿಂದ ಮೇಲೆ ಹೇಳಿದರೆ ಅದು ಇನ್ನೊಂದು ಕಳ್ಳತನವಾಗುತ್ತದೆ ಎನ್ನಿಸಿತು.

"ಸಿಸ್ ತೊಬೆಕಾ," ಎಂದಳು, ಅಕ್ಕ ಎನ್ನುವ ಅಲ್ಲಿನ ರೂಢಿಯಂತೆ. "ಆ ಅಚ್ಚು ಒಡೆದದ್ದು ನೀನಲ್ಲ. ನಾನು. ಹಿಂದಿನ ವಾರವೇ ಒಡೆದಿದ್ದೆ. ಊಟದ ಹೊತ್ತಲ್ಲಿ ತೇಪೆ ಹಾಕಿ ಮುಚ್ಚಿಟ್ಟಿದ್ದೆ. ನಿನ್ನ ಕೈಗೆ ಕಿತ್ತು ಬಂದದ್ದು ನನ್ನ ತೇಪೆ."

ಯಂತ್ರದ ಸೂಜಿಯ ಕೆಳಗೆ ಕಾಲರು ಹಾಗೇ ಇತ್ತು. ತೊಬೆಕಾ ಅದರ ಅಂಚನ್ನು ಬೆರಳಿನಿಂದ ನೀವಿದಳು. ನಿನ್ನ ಮೇಲೆ ನನಗೆ ಅನುಮಾನವಿತ್ತು ಎಂದು ಅವಳು ಹೇಳುತ್ತಾಳೆಂದು ಲೋರ್ನಾ ಎಷ್ಟೋ ವರ್ಷದಿಂದ ಅಂದುಕೊಂಡಿದ್ದಳು. ಅದಕ್ಕೊಂದು ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದಳು. ತೊಬೆಕಾಳಿಗೆ ಯಾವ ಅನುಮಾನವೂ ಇರಲಿಲ್ಲ.

"ಮೂರು ಏಟು ಹಾಕಿದ್ದೆ ನಾನು," ಅಂದಳು. "ಎರಡಕ್ಕೆ ನಿಲ್ಲಿಸಬೇಕಿತ್ತು, ಮೂರನೇದು ಜಾಸ್ತಿ ಆಯ್ತು ಅಂತ ಲೆಕ್ಕ ಹಾಕ್ತಾನೇ ಇದ್ದೆ. ನಿನ್ನ ಕೈ ಭಾರ ತೊಬೆಕಾ ಅಂತ ನನ್ನ ಗಂಡ ಸಾಯೋವರೆಗೂ ಆಡಿಕೊಂಡ. ಮತ್ತೆ ಸುತ್ತಿಗೆ, ಕೊಡತಿ ಅಂತ ಏನೂ ಮುಟ್ಟಲಿಲ್ಲ ನಾನು. ಬಟ್ಟೆ ಹಿಡಿದೆ. ಬಟ್ಟೆಯಾದ್ರೆ ತಪ್ಪಾದ್ರೂ ಹೊಲಿಗೆ ಬಿಚ್ಚಬಹುದು ಅಂತ." ಆಮೇಲೆ ತನಗೇ ಹೇಳಿಕೊಳ್ಳುವವಳಂತೆ, "ಮೊಮ್ಮಗಳು ಹುಟ್ಟಿದಾಗ ಎತ್ಕೊಳ್ಳೋಕೂ ಹೆದರಿದ್ದೆ. ಎರಡು ತಿಂಗಳು ಎತ್ಕೊಳ್ಳಲಿಲ್ಲ."

ತೊಬೆಕಾ ಕೆಲಸ ಕಳೆದುಕೊಂಡದ್ದು ಲೋರ್ನಾಳಿಗೆ ಗೊತ್ತಿತ್ತು. ಅದರ ಭಾರವನ್ನು ಹೊತ್ತು ಅಭ್ಯಾಸವಾಗಿತ್ತು ಕೂಡ. ಆ ಎರಡು ತಿಂಗಳು ಅವಳ ಎಣಿಕೆಯಲ್ಲಿ ಇರಲೇ ಇಲ್ಲ. ತನ್ನ ಅಂಗೈಯನ್ನು ಜಗತ್ತು ಹೊಗಳುತ್ತಿದ್ದಷ್ಟು ಕಾಲ ಇಲ್ಲಿ, ಕಾಲು ಗಂಟೆಯ ದೂರದಲ್ಲಿ, ಇನ್ನೊಬ್ಬಳು ತನ್ನ ಅಂಗೈಗೆ ಹೆದರಿಕೊಂಡು ಬದುಕಿದ್ದಳು.

"ಇವತ್ತೇ ಯಾಕೆ ಬಂದೆ?" ತೊಬೆಕಾ ಈಗ ನೇರವಾಗಿ ನೋಡಿ ಕೇಳಿದಳು.

"ಎರಡು ಅಚ್ಚಲ್ಲಿ ಯಾವುದು ಬೇಕು ಅಂತ ಇವತ್ತು ನಾಲ್ಕರೊಳಗೆ ಹೇಳ್ಬೇಕು. ಒಂದು ಆ ಅಚ್ಚೇ."

"ಅಂದ್ರೆ ಒಂದು ಕಾರಿಗೋಸ್ಕರ ಬಂದೆ."

ಅಲ್ಲ ಎನ್ನಬಹುದಿತ್ತು. ಎಷ್ಟೋ ದಿನದಿಂದ ಬರಬೇಕೆಂದಿದ್ದೆ ಎನ್ನಬಹುದಿತ್ತು, ಅದರಲ್ಲಿ ಅರ್ಧ ನಿಜವೂ ಇತ್ತು. "ಹೌದು," ಎಂದಳು ಲೋರ್ನಾ.

ತೊಬೆಕಾ ಯಂತ್ರಕ್ಕೆ ತಿರುಗಿದಳು. ಆ ಕಾಲರನ್ನು ಹೊಲಿದು ಮುಗಿಸಿದಳು, ಇನ್ನೊಂದನ್ನು ತೆಗೆದುಕೊಂಡಳು, ಅದನ್ನೂ ಮುಗಿಸಿದಳು. ಲೋರ್ನಾ ಎದ್ದು ಹೋಗಲಿಲ್ಲ. ಹೋಗು ಎಂದಿರಲಿಲ್ಲ, ಇರು ಎಂದೂ ಇರಲಿಲ್ಲ. ಮಾಲೀಕನ ಆಫೀಸಿನ ಹೊರಗೆ ಚೀಲ ಹಿಡಿದು ಕೂತವಳ ಹಾಗೆ ಕೂತಿದ್ದಳು. ಚಹಾದ ಮೇಲೆ ಕೆನೆ ಕಟ್ಟಿತು. ಶಾಲೆ ಬಿಟ್ಟ ಗದ್ದಲ ಬೀದಿಯಲ್ಲಿ ಹಾದು ಹೋಯಿತು. ಆರನೆಯ ಕಾಲರಿನ ದಾರವನ್ನು ಹಲ್ಲಿನಿಂದ ಕಡಿದು, ರವಿಕೆಗಳನ್ನು ಮಡಚಿಟ್ಟು, ತೊಬೆಕಾ ಮನೆಯ ಚಪ್ಪಲಿ ಬಿಟ್ಟು ಹೊರಗಿನ ಷೂ ಹಾಕಿಕೊಂಡಳು.

"ನಡಿ, ತೋರಿಸು," ಅಂದಳು.

ಅವರು ಡೀಲ್ ಪಾರ್ಟಿ ತಲುಪಿದಾಗ ಮೂರೂವರೆ. ದಾರಿಯುದ್ದಕ್ಕೂ ತೊಬೆಕಾ ಕಿಟಕಿಯ ಕಡೆಗೇ ಮುಖ ಮಾಡಿದ್ದಳು. ವರ್ಕ್‌ಶಾಪಿನ ಬಾಗಿಲಲ್ಲಿ ಒಂದು ಕ್ಷಣ ನಿಂತು ವಾಸನೆ ಎಳೆದುಕೊಂಡಳು, ಆಮೇಲೆ ಯಾರನ್ನೂ ಕೇಳದೆ ಅಗಲದ್ದರ ಹತ್ತಿರ ಹೋದಳು. ಎಲ್ಲಿ ಎಂದು ಲೋರ್ನಾ ತೋರಿಸಹೋದಾಗ ಕೈಯೆತ್ತಿ ತಡೆದಳು. ಕಣ್ಣು ಮುಚ್ಚಿ, ಅಂಚಿನಿಂದ ಒಳಕ್ಕೆ, ಮೇಲಿನಿಂದ ಕೆಳಕ್ಕೆ ಅಂಗೈ ಎಳೆಯುತ್ತ ಹೋದಳು. ಅಂಗೈ ಒಂದು ಕಡೆ ನಿಂತಿತು, ಹಿಂದಕ್ಕೆ ಬಂದು ಮತ್ತೆ ನಿಂತಿತು. "ಇಲ್ಲಿ," ಅಂದಳು. ಇಪ್ಪತ್ತೆಂಟು ವರ್ಷದಲ್ಲಿ ಯಾರಿಗೂ ಸಿಗದದ್ದು ಅವಳಿಗೆ ಒಂದು ನಿಮಿಷದಲ್ಲಿ ಸಿಕ್ಕಿತ್ತು. ಇಂಥ ಕೈಯನ್ನು ಭಾರ ಎಂದುಕೊಂಡು ಬದುಕಿದಳಲ್ಲ ಎಂದು ಲೋರ್ನಾಳಿಗೆ ಮೊದಲ ಬಾರಿಗೆ ಅಳು ಬಂತು. ಆದರೆ ಅಳುವ ಹಕ್ಕು ಇಲ್ಲಿ ತನ್ನದಲ್ಲ ಎಂದು ನುಂಗಿಕೊಂಡಳು.

ಡೀಟರ್ ಹೊರಗೆ ಬಂದು, ಇವರು ಯಾರು ಎಂಬಂತೆ ನೋಡಿದ. ಹಲಗೆ ಕೊಯ್ಯುತ್ತಿದ್ದ ಇಬ್ಬರೂ ನಿಲ್ಲಿಸಿದರು. ಯಾರೂ ಕೇಳದಿದ್ದರೂ ಲೋರ್ನಾ ಹೇಳಿದಳು, ಒಂದೇ ಉಸಿರಿಗೆ, ಸ್ಪಷ್ಟವಾಗಿ, ಹಿಂದಿನ ಗೋಡೆಯವರೆಗೂ ಕೇಳುವಂತೆ: ಇವರು ತೊಬೆಕಾ. ತೊಂಬತ್ತಾರರಲ್ಲಿ ಈ ಅಚ್ಚನ್ನು ಒಡೆದರು ಅಂತ ನಿಮ್ಮಪ್ಪ ಇವರನ್ನು ಮನೆಗೆ ಕಳಿಸಿದರು. ಒಡೆದದ್ದು ನಾನು. ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇದರ ಎಡ ಸೊಂಟ ಅವತ್ತಿನಿಂದ ಸರಿ ಇಲ್ಲ.

ಡೀಟರ್ ಕೆಟ್ಟವನೇನಲ್ಲ. ಕುತ್ತಿಗೆ ಸವರಿಕೊಂಡ. ಎಷ್ಟೋ ಹಳೇ ಮಾತು, ಅಪ್ಪನೂ ಹೋಗಿಯಾಯಿತು, ಈಗ ಯಾರು ಏನು ಮಾಡುವುದಕ್ಕಾಗುತ್ತದೆ ಎಂದ. ತೊಬೆಕಾ, ನಾನು ನಿಮ್ಮನ್ನು ಏನೂ ಕೇಳಿಲ್ಲವಲ್ಲ ಸ್ವಾಮಿ ಎಂದಳು, ಸಿಟ್ಟಿಲ್ಲದೆ. ಅವನು ಗಡಿಯಾರ ನೋಡಿಕೊಂಡು ಲೋರ್ನಾಳ ಕಡೆ ತಿರುಗಿದ. ಲೋರ್ನಾ ತೊಬೆಕಾಳ ಕಡೆ ತಿರುಗಿ, ಯಾವುದು ತಗೊಳ್ಳಲಿ ಎಂದು ಕೇಳಿದಳು. ಕೇಳುವಾಗ ಅದು ದೊಡ್ಡ ಮನಸ್ಸಿನ ಮಾತೆಂದು ಅವಳಿಗೆ ಅನ್ನಿಸಿತ್ತು.

"ಅದನ್ನ ನನ್ನ ತಲೆಗೆ ಕಟ್ಟಬೇಡ," ತೊಬೆಕಾ ಅಂದಳು. "ನಿನ್ನದು ಒಂದನ್ನ ಹೊತ್ತದ್ದು ಸಾಕು. ನಿನ್ನ ಕಾರು, ನೀನೇ ಹೇಳು."

ಲೋರ್ನಾ ಎರಡನ್ನೂ ನೋಡಿದಳು. ಅಗಲದ್ದು ಈಗ ಬರೀ ಒಂದು ಅಚ್ಚು, ಎಡಗಡೆ ಸ್ವಲ್ಪ ತಪ್ಪಿದ್ದು. ಹೆದರುವಂಥದ್ದು ಅದರಲ್ಲಿ ಏನೂ ಉಳಿದಿರಲಿಲ್ಲ. ಬೇಕಾದರೆ ಅದನ್ನೂ ತೆಗೆದುಕೊಳ್ಳಬಹುದು ಎನ್ನಿಸಿದ ಕ್ಷಣದಲ್ಲಿಯೇ ತನಗೆ ಬೇಕಾದದ್ದು ಅದಲ್ಲವೆಂದು ತಿಳಿಯಿತು. ತೆಳ್ಳನೆಯದರ ಬಾಗಿಲಿನ ಮೇಲಂಚು ಹಿಂದಕ್ಕೆ ಓಡಿ, ಚಕ್ರದ ಮೇಲೆ ಅಷ್ಟೇ ಅಷ್ಟು ಎದ್ದು, ಬಾಲದಲ್ಲಿ ಇಳಿಯುತ್ತದಲ್ಲ, ಆ ಗೆರೆಗೆ ಬೇರೆ ಯಾವ ಕಾರಣವೂ ಬೇಕಾಗಿರಲಿಲ್ಲ. "ತೆಳ್ಳನೆಯದು," ಎಂದಳು. ಐವನ್ ಒಂದು ವಾರ ಮುಖ ಸಿಂಡರಿಸುತ್ತಾನೆ, ಸಿಂಡರಿಸಲಿ.

ಕೆಲಸಗಾರರಿಬ್ಬರು ಅಗಲದ್ದನ್ನು ಪೆಟ್ಟಿಗೆಗೆ ಎತ್ತಿಡಲು ಬಂದರು. ಒಂದು ನಿಮಿಷ ಎಂದು ತೊಬೆಕಾ ತನ್ನ ಚೀಲದಿಂದ ದರ್ಜಿ ಸೀಮೆಸುಣ್ಣ ತೆಗೆದು, ಆ ಜಾಗದ ಸುತ್ತ ನಿಧಾನವಾಗಿ ಒಂದು ಗೆರೆ ಎಳೆದಳು. ಕೊಂಡವರು ಏನಂದುಕೊಳ್ಳುತ್ತಾರೆ ಎಂದು ಡೀಟರ್ ಗೊಣಗಿದ. ಗೊತ್ತಾಗಲಿ, ಸರಿಮಾಡಿಕೊಳ್ಳಲಿ ಎಂದು ಹೇಳಿ ಅವಳು ಸೀಮೆಸುಣ್ಣವನ್ನು ಲೋರ್ನಾಳ ಕೈಗೆ ಕೊಟ್ಟಳು. ಏನು ಬರೆಯಬೇಕೆಂದು ಹೇಳಲಿಲ್ಲ. ಲೋರ್ನಾ ಅಚ್ಚಿನೊಳಗೆ ಬಗ್ಗಿ, ಆ ಗೆರೆಯ ಒಳಗೆ, ಶಾಲೆಯ ಹುಡುಗಿಯಂತೆ ದುಂಡಗೆ ತನ್ನ ಪೂರ್ತಿ ಹೆಸರು ಬರೆದಳು, ಕೆಳಗೆ ಅಚ್ಚು ಒಡೆದ ಇಸವಿ. ಪೆಟ್ಟಿಗೆಗೆ ಮೊಳೆ ಹೊಡೆದು ಮುಗಿಯುವವರೆಗೂ ಇಬ್ಬರೂ ನಿಂತು ನೋಡಿದರು.

ಮನೆಗೆ ಬಿಡುತ್ತೇನೆ ಎಂದರೆ ತೊಬೆಕಾ ಒಪ್ಪಲಿಲ್ಲ. ಗೇಟಿನ ಹೊರಗೆ ಮಿನಿಬಸ್ ಟ್ಯಾಕ್ಸಿಗೆ ಕೈ ಮಾಡಿದಳು. ಹತ್ತುವ ಮುಂಚೆ, ನಾಳೆ ಕೆಲಸ ಎಷ್ಟು ಹೊತ್ತಿಗೆ ಎಂದು ಕೇಳಿದಳು. ಏಳಕ್ಕೆ ಎಂದಳು ಲೋರ್ನಾ. ಟ್ಯಾಕ್ಸಿ ಹೋದ ಮೇಲೆಯೂ ಆ ಪ್ರಶ್ನೆಯ ಅರ್ಥ ಅವಳಿಗೆ ಪೂರ್ತಿ ಆಗಲಿಲ್ಲ.

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಇರುವಾಗ ತೊಬೆಕಾ ಮನೆಯಿಂದ ತಂದ ಏಪ್ರನ್ ಕಟ್ಟಿಕೊಂಡು ತೆಳ್ಳನೆಯ ಅಚ್ಚಿನ ಪಕ್ಕ ನಿಂತಿದ್ದಳು. ಲೋರ್ನಾ ಬಾಯಿ ತೆರೆಯುವ ಮೊದಲೇ, "ನಿನ್ನನ್ನ ಕ್ಷಮಿಸೋಕೆ ಬಂದಿಲ್ಲ ನಾನು," ಅಂದಳು. "ಕೆಲಸಕ್ಕೆ ಬಂದಿದೀನಿ." ಲೋರ್ನಾ ತಲೆಯಾಡಿಸಿದಳು. ಅಚ್ಚಿಗೆ ಮೇಣ ಹಚ್ಚಿ, ಒರೆಸಿ, ಮತ್ತೆ ಹಚ್ಚಿದರು. ಮೊದಲ ಪದರ ಸಿಂಪಡಿಸಿ ಅದು ಬೆರಳಿಗಂಟುವಷ್ಟು ಒಣಗುವವರೆಗೆ ಕಾದರು. ಕತ್ತರಿಸಿದ ಗಾಜಿನ ನಾರಿನ ಬಟ್ಟೆಯನ್ನು ಹಾಸಿ, ಬ್ರಷ್ಷಿನಲ್ಲಿ ರೆಸಿನ್ ತುಂಬುತ್ತ, ಒಬ್ಬಳು ಬಲಗಡೆ, ಒಬ್ಬಳು ಎಡಗಡೆ, ಮೂತಿಯಿಂದ ಹಿಂದಕ್ಕೆ ಬಂದರು. ತೊಬೆಕಾಳ ಕೈ ಮೊದಲ ಅರ್ಧ ಗಂಟೆ ತಡವರಿಸಿತು, ಆಮೇಲೆ ಏನನ್ನೂ ಮರೆತಿರಲಿಲ್ಲ. ಬಟ್ಟೆಯ ಮೂಲೆಗಳನ್ನು ಲೋರ್ನಾಳಿಗಿಂತ ಚೊಕ್ಕಟವಾಗಿ ಕೂರಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಬಾಲದ ಹತ್ತಿರ ಇಬ್ಬರೂ ಎದುರುಬದುರಾದರು. ಇಷ್ಟು ಹತ್ತಿರದಲ್ಲಿ ಆ ಮುಖ ನೋಡಿ ಲೋರ್ನಾಳಿಗೆ ಏನಾದರೂ ಹೇಳಲೇಬೇಕು ಅನ್ನಿಸಿತು. ನಿನ್ನೆಯಿಂದ ಕೂಡಿಸಿಟ್ಟುಕೊಂಡ ಮಾತುಗಳೆಲ್ಲ ಗಂಟಲಿಗೆ ಬಂದವು.

"ಸಿಸ್," ಎಂದು ಶುರುಮಾಡಿದಳು.

"ರೆಸಿನ್ ಗಟ್ಟಿಯಾಗ್ತಿದೆ," ಅಂದಳು ತೊಬೆಕಾ, ತಲೆಯೆತ್ತದೆ. "ಮೊದಲು ಆ ಮೂಲೆ ಮುಗಿಸು."

ಲೋರ್ನಾ ಬಗ್ಗಿ ಆ ಮೂಲೆಯನ್ನು ಮುಗಿಸಿದಳು.